ಒಂಬತ್ತು ಮಿಲಿಮೀಟರ್ ಹೆಚ್ಚಾದ ಗ್ರೀಸ್

ಓದಲು ಕೂತ ಅಣ್ಣ ಅಕ್ಕಂದಿರಿಗೆಲ್ಲ ಸ್ವೀಡನ್ ದೇಶದ ಶೋವ್ಡೆಯಿಂದ ನಮಸ್ಕಾರ. ಕನ್ನಡ ಟೈಪ್ ಮಾಡುವುದನ್ನು ನಾನು ಕಲಿತದ್ದು ಈ ವರ್ಷವೇ, ಅದೂ ಎರಡು ಬೆರಳಲ್ಲಿ. ಒಂದು ಪುಟಕ್ಕೆ ಒಂದು ಭಾನುವಾರ ಹಿಡಿಯುತ್ತದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಮೀಸೆ ಬಂದ ಮೇಲೆ ಎಸ್ಸೆಸ್ಸೆಲ್ಸಿಗೆ ಕಟ್ಟಿ ಪಾಸಾದವನು ನಾನು. ಒತ್ತಕ್ಷರ ಎಲ್ಲಾದರೂ ಜಾರಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ವಿಷಯದಲ್ಲಿ ತಪ್ಪಿದ್ದರೆ ಮಾತ್ರ ಬಿಡಬೇಡಿ, ಹೇಳಿ.

ನಾನು ಪ್ಯಾಟರ್ನ್ ಕೆಲಸದವನು. ಹರಿಹರದ ಒಂದು ಎರಕದ ಕಾರ್ಖಾನೆಯಲ್ಲಿ ಮರದ ಅಚ್ಚು ಮಾಡುತ್ತಿದ್ದೆ. ಹೆಂಡತಿಗೆ ಇಲ್ಲಿ ಎಂಜಿನ್ ಕಾರ್ಖಾನೆಯಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿತು, ಅವಳ ವೀಸಾದ ಜೊತೆ ನಾನೂ ಬಂದೆ. ಎರಡು ವರ್ಷ ಸ್ವೀಡಿಷ್ ಕ್ಲಾಸಿಗೆ ಹೋಗಿ, ಆಮೇಲೆ ಊರಾಚೆಯ ಒಂದು ಸಣ್ಣ ವರ್ಕ್‌ಶಾಪ್ ಸೇರಿದೆ. ಮ್ಯೂಸಿಯಂಗಳಿಗೆ, ಶಾಲೆಗಳಿಗೆ ಮರದ ಮಾದರಿ ಮಾಡಿಕೊಡುವ ಜಾಗ ಅದು. ಅಲ್ಲಿ ಇದ್ದದ್ದು ಮೂರೇ ಜನ: ಯಜಮಾನಿ, ಅರವತ್ತು ದಾಟಿದ ಒಬ್ಬ ಬಡಗಿ, ಮತ್ತು ನಾನು. ಅವರಿಬ್ಬರೂ ಮಾತಾಡುವುದು ಸ್ವೀಡಿಷ್. ನಾನು ಅದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

ನನ್ನದು ಆರು ತಿಂಗಳ ಪ್ರಾಯೋಗಿಕ ನೌಕರಿ. ಇಲ್ಲಿ ಅದರ ಪದ್ಧತಿ ವಿಚಿತ್ರ. ನೀನು ಬೇಡ ಅನ್ನುವುದಾದರೆ ಅವಧಿ ಮುಗಿಯುವ ಎರಡು ವಾರ ಮೊದಲು ಪತ್ರ ಕೊಡಬೇಕು. ಕೊಡದಿದ್ದರೆ ತಾನಾಗಿಯೇ ಕಾಯಂ. ಅಂದರೆ ಬೇಡ ಅನ್ನಲು ಕಾಗದ ಬೇಕು, ಬೇಕು ಅನ್ನಲು ಮೌನ ಸಾಕು. ಆ ಮೌನದಲ್ಲಿ ಬದುಕುವುದು ಎಷ್ಟು ಕಷ್ಟ ಎಂದು ಬದುಕಿದವರಿಗೇ ಗೊತ್ತು. ವರ್ಕ್‌ಶಾಪಿನ ಗೋಡೆಯಲ್ಲಿ ಏಪ್ರನ್ ನೇತುಹಾಕುವ ಮೊಳೆಗಳಿವೆ. ಅವರಿಬ್ಬರ ಮೊಳೆಯ ಮೇಲೆ ಮರದಲ್ಲಿ ಕೊರೆದ ಹೆಸರು, ನನ್ನ ಮೊಳೆಯ ಮೇಲೆ ಟೇಪ್ ಹಚ್ಚಿದ ಚೀಟಿ. ದಿನಾ ಬೆಳಿಗ್ಗೆ ಆ ಚೀಟಿಯ ಮೂಲೆ ಎದ್ದಿರುತ್ತಿತ್ತು, ದಿನಾ ಬೆರಳಿಂದ ಒತ್ತುತ್ತಿದ್ದೆ.

ಮೊದಲ ನಾಲ್ಕು ತಿಂಗಳು ನನಗೆ ಕೊಟ್ಟದ್ದು ಉಜ್ಜುವ ಕೆಲಸ, ಬಣ್ಣದ ಕೆಲಸ. ಜನವರಿಯಲ್ಲಿ ಯಜಮಾನಿ ಒಂದು ದೊಡ್ಡ ನಕ್ಷೆ ತಂದು ನನ್ನ ಬೆಂಚಿನ ಮೇಲೆ ಹರಡಿದಳು.

"ಇದು ನಿಂದು. ಗ್ರೀಸ್ ದೇಶ," ಎಂದಳು.

ಒಂದು ಮ್ಯೂಸಿಯಂನವರು ಶಾಲಾ ಮಕ್ಕಳಿಗಾಗಿ ಕೇಳಿದ್ದ ಮೇಜು ಅದು. ಹಳೆಯ ಕಾಲದಲ್ಲಿ ಗ್ರೀಸ್ ಒಂದು ದೇಶವಾಗಿರಲಿಲ್ಲ. ಅಥೆನ್ಸ್, ಥೀಬ್ಸ್, ಕೊರಿಂಥ್, ಸ್ಪಾರ್ಟಾ, ಹೀಗೆ ಊರಿಗೊಂದು ರಾಜ್ಯ, ಸದಾ ಒಬ್ಬರ ಮೇಲೊಬ್ಬರ ಯುದ್ಧ. ಉತ್ತರದಿಂದ ಮ್ಯಾಸಿಡೋನಿಯಾದ ರಾಜ ಫಿಲಿಪ್, ಅಂದರೆ ನಮ್ಮ ಪಾಠದಲ್ಲಿ ಬರುವ ಅಲೆಕ್ಸಾಂಡರನ ಅಪ್ಪ, ಬಂದು ಅವುಗಳನ್ನು ಸೋಲಿಸಿ ಒಂದು ಒಕ್ಕೂಟಕ್ಕೆ ತಂದ. ಸ್ಪಾರ್ಟಾ ಮಾತ್ರ ಸೇರಲಿಲ್ಲ. ಇದನ್ನು ಮಕ್ಕಳು ಕೈಯಾರೆ ಮಾಡಿ ನೋಡಬೇಕು. ನೀಲಿ ಬಣ್ಣದ ಮೇಜಿನ ಮೇಲೆ ಹದಿನಾಲ್ಕು ಮರದ ತುಂಡುಗಳು, ತುಂಡಿಗೊಂದು ಪಟ್ಟಣ. ಪ್ರತಿ ತುಂಡಿನ ಕೆಳಗೆ ಒಂದು ಗೂಟ, ಆ ಗೂಟ ಜಾರಲು ಮೇಜಿನಲ್ಲಿ ಒಂದು ಗಾಡಿ, ಅಂದರೆ ಉದ್ದಕ್ಕೆ ಕೊರೆದ ಸಣ್ಣ ಕಾಲುವೆ. ಉತ್ತರದಲ್ಲಿರುವ ಕೈಚಕ್ರ ತಿರುಗಿಸಿದರೆ ಅಡಿಯಲ್ಲಿರುವ ಹುರಿಗಳು ಎಳೆದು ತುಂಡುಗಳೆಲ್ಲ ಹತ್ತಿರ ಬಂದು ಕೂಡಬೇಕು. ಎಲ್ಲವೂ ಕೂಡಿದಾಗ ಒಂದು ಹಿತ್ತಾಳೆಯ ಚಿಲಕ ಟಕ್ ಎಂದು ಬೀಳಬೇಕು. ಸ್ಪಾರ್ಟಾದ ತುಂಡಿಗೆ ಹುರಿ ಇಲ್ಲ. ಅದು ಇದ್ದಲ್ಲೇ ಇರುತ್ತದೆ.

ಮೇಜು ಮತ್ತು ಗಾಡಿಗಳನ್ನು ಬಡಗಿ ಕಂಪ್ಯೂಟರ್ ಮೆಷಿನ್ನಿನಲ್ಲಿ ಕೊರೆಯುವುದು, ಬೆಟ್ಟ ಕಣಿವೆ ಇರುವ ತುಂಡುಗಳನ್ನು ನಾನು ಕೈಯಲ್ಲಿ ಮಾಡುವುದು ಎಂದು ತೀರ್ಮಾನವಾಯಿತು. ಅವತ್ತು ಮೊದಲ ಬಾರಿಗೆ ಊರಿಂದ ತಂದ ನನ್ನ ಉಪಕರಣದ ಪೆಟ್ಟಿಗೆಯನ್ನು ಅಲ್ಲಿಗೆ ಒಯ್ದೆ. ಆಲ್ಡರ್ ಮರ, ಮೃದು, ಉಳಿಗೆ ಒಪ್ಪುವ ಮರ. ಐದು ವಾರ ಕೂತು ಹದಿನಾಲ್ಕು ಊರು ಮಾಡಿದೆ. ಬೆಂಚಿನ ಮೇಲೆ ಜೋಡಿಸಿದರೆ ಸಂದಿನಲ್ಲಿ ಕೂದಲು ಹೋಗುತ್ತಿರಲಿಲ್ಲ. ನಕ್ಷೆಯಲ್ಲಿ ಹಾಗೇ ಇತ್ತು: ಕೂಡಿದ ಮೇಲೆ ಗೆರೆ ಕಾಣಬಾರದು.

ಫೆಬ್ರವರಿ ಕೊನೆಯ ಬುಧವಾರ ತುಂಡುಗಳನ್ನು ಮೇಜಿನ ಮೇಲಿಟ್ಟು ಹುರಿ ಕಟ್ಟಿದೆವು. ಮುಂದಿನ ಸೋಮವಾರ ಮ್ಯೂಸಿಯಂನಲ್ಲಿ ಒಂದು ಶಾಲೆಯ ಮಕ್ಕಳ ಮುಂದೆ ಪರೀಕ್ಷೆ. ಅದೇ ವಾರದ ಶುಕ್ರವಾರ ನನ್ನ ಪತ್ರದ ಗಡುವು. ಯಜಮಾನಿಯೇ ಚಕ್ರ ತಿರುಗಿಸಿದಳು. ಊರುಗಳು ಚಂದವಾಗಿ ಜಾರಿ ಬಂದವು. ಇನ್ನೇನು ಕೂಡಬೇಕು ಎನ್ನುವಾಗ ಕೊರಿಂಥ್ ಪಕ್ಕಕ್ಕೆ ಎದ್ದಿತು, ಥೀಬ್ಸ್ ಅಥೆನ್ಸಿಗೆ ಗುದ್ದಿ ನಿಂತಿತು. ಚಕ್ರ ಅಲುಗಲಿಲ್ಲ. ಚಿಲಕ ಬೀಳಲಿಲ್ಲ.

ನನ್ನ ಬಾಯಿಂದ ಬಂದ ಮೊದಲ ಮಾತು ನೆನಪಿಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

"ಗಾಡಿ ಸರಿ ಇದೆಯಾ ನೋಡಬೇಕು. ತುಂಡು ಬೆಂಚಲ್ಲಿ ಸರಿಯಾಗೇ ಕೂತಿತ್ತು."

ಬಡಗಿ ನನ್ನ ಮುಖ ನೋಡಿದ. ಹೋಗಿ ಮೆಷಿನ್ ಲೆಕ್ಕ ತೆಗೆದ, ಮೇಜನ್ನು ಮಗುಚಿ ಹಾಕಿ ಗಾಡಿಯೊಂದೊಂದನ್ನೇ ಅಳೆದ. ಮಧ್ಯಾಹ್ನವೆಲ್ಲ ಅದಕ್ಕೇ ಹೋಯಿತು. ಕೊನೆಗೆ ಬೆನ್ನು ಹಿಡಿದುಕೊಂಡು ಎದ್ದು, "ಮೆಷಿನ್ ಸುಳ್ಳು ಹೇಳ್ತಿಲ್ಲ. ಆದ್ರೂ ನಾಳೆ ಇನ್ನೊಂದ್ ಸಲ ನೋಡ್ತೀನಿ," ಎಂದ. ಆ 'ಆದ್ರೂ' ನನಗೆ ಚುಚ್ಚಿತು. ಅವನು ನನ್ನ ಮಾತನ್ನು ಅಷ್ಟು ನಂಬಿದ್ದ.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಕಾಫಿ ಹೊತ್ತು. ಅದಕ್ಕೆ ಇಲ್ಲಿ ಫೀಕಾ ಅನ್ನುತ್ತಾರೆ. ಕಾಫಿ ಬೇಡ ಅಂದರೂ ನಡೆಯುತ್ತದೆ, ಬಂದು ಕೂರದೆ ಇರುವ ಹಾಗಿಲ್ಲ. ಅವತ್ತು ನಾನು ಹೋಗಲಿಲ್ಲ. ಗೋಂದು ಒಣಗುತ್ತಿದೆ ಎಂದು ಸುಳ್ಳು ಹೇಳಿ, ಅವರು ಒಳಗೆ ಹೋದ ಮೇಲೆ ಥೀಬ್ಸನ್ನು ಬಿಚ್ಚಿ ಬೆಂಚಿಗೆ ಹಿಡಿಸಿ ಒಂದು ಅಂಚನ್ನು ಹತ್ರಿಯಿಂದ, ಅಂದರೆ ಉಜ್ಜುಗೊರಡಿನಿಂದ, ಹೆರೆದೆ. ಗುದ್ದುತ್ತಿರುವುದು ಇದೊಂದೇ, ಇದನ್ನು ಸರಿ ಮಾಡಿದರೆ ಸಾಕು ಎಂದು ನನ್ನ ಲೆಕ್ಕ. ವಾಪಸ್ ಇಟ್ಟೆ. ಈಗ ಥೀಬ್ಸಿಗೂ ಅಥೆನ್ಸಿಗೂ ನಡುವೆ ಅಕ್ಕಿಕಾಳು ಹೋಗುವಷ್ಟು ಬಾಯಿ, ಕೊರಿಂಥ್ ಮಾತ್ರ ಮೊದಲಿನ ಹಾಗೇ ಎದ್ದು ನಿಂತಿದೆ. ಒಂದನ್ನು ಹೆರೆದರೆ ಇನ್ನೊಂದು ಕೆಡುತ್ತದೆ.

ಬಾಗಿಲಲ್ಲಿ ಬಡಗಿ ನಿಂತಿದ್ದ, ಕೈಯಲ್ಲಿ ನನಗೆಂದು ತಂದ ಕಾಫಿ.

"ಗೋಂದು ಒಣಗ್ತಾ?" ಎಂದ.

"ಒಣಗ್ತು," ಎಂದೆ.

ಕಾಫಿಯನ್ನು ಬೆಂಚಿನ ಮೂಲೆಯಲ್ಲಿಟ್ಟು ಹೋದ. ನೆಲದ ಮೇಲೆ ಹತ್ರಿಯ ಹೊಸ ಹೆರಕಲು ಬಿದ್ದಿತ್ತು. ಅವನಿಗೆ ಕಾಣದೆ ಇರಲು ಸಾಧ್ಯವಿಲ್ಲ.

ಸಂಜೆ ಪೆಟ್ಟಿಗೆಯನ್ನು ಮನೆಗೆ ಹೊತ್ತು ತಂದೆ. ಹೆಂಡತಿ ಅಡುಗೆ ಕಟ್ಟೆಯ ಮೇಲೆ ಈರುಳ್ಳಿ ಹೆಚ್ಚುತ್ತಿದ್ದಳು.

"ಏನ್ರೀ, ಪೆಟ್ಟಿಗೆ ಸಮೇತ ಬಂದೀರಿ? ಕೆಲಸ ಬಿಡ್ಸಿದ್ರಾ?"

"ಇನ್ನೂ ಇಲ್ಲ," ಎಂದೆ.

ಅವಳು ಚಾಕು ಕೆಳಗಿಟ್ಟಳು. ನಾನು ಎಲ್ಲ ಹೇಳಿದೆ. ಅವಳು ಎಂಜಿನಿಯರ್, ಸಮಾಧಾನ ಹೇಳುವ ಮೊದಲು ಅಳತೆ ಕೇಳುತ್ತಾಳೆ.

"ಒಟ್ಟು ಎಷ್ಟು ಜಾಸ್ತಿ ಬಂದಿದೆ?"

"ಒಂಬೈನೂರಕ್ಕೆ ಒಂಬತ್ತು ಮಿಲಿಮೀಟರ್."

"ಅಂದ್ರೆ ನೂರಕ್ಕೆ ಒಂದು. ಕರೆಕ್ಟಾಗಿ ನೂರಕ್ಕೆ ಒಂದು ತಪ್ಪು ಕೈಯಿಂದ ಆಗಲ್ಲ ರೀ. ಅದು ಅಳತೆಯಿಂದ್ಲೇ ಬರಬೇಕು."

ನೂರಕ್ಕೆ ಒಂದು ಎಂದಾಗಲೇ ನನ್ನ ಕಣ್ಣು ಪೆಟ್ಟಿಗೆಯ ಕಡೆ ಹೋಯಿತು. ಎರಕದ ಕೆಲಸ ಗೊತ್ತಿಲ್ಲದವರಿಗೆ ಇದನ್ನು ಹೇಳಬೇಕು. ಕಾದ ಕಬ್ಬಿಣ ಆರಿದಾಗ ಕುಗ್ಗುತ್ತದೆ, ನೂರಕ್ಕೆ ಒಂದರಷ್ಟು. ಅದಕ್ಕೆ ಮರದ ಅಚ್ಚನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುವ ಬದಲು ನಮ್ಮ ಬಳಿ ಒಂದು ಬೇರೆ ಸ್ಕೇಲ್ ಇರುತ್ತದೆ, ಶ್ರಿಂಕ್ ಸ್ಕೇಲ್. ನೋಡಲು ಮಾಮೂಲಿ ಉಕ್ಕಿನ ಸ್ಕೇಲಿನ ಹಾಗೇ, ಆದರೆ ಅದರ ಒಂದೊಂದು ಮಿಲಿಮೀಟರೂ ಸ್ವಲ್ಪ ಉದ್ದ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಎರಡನ್ನೂ ಕೊಟ್ಟಿದ್ದರು. ಎರಡರ ಮೇಲಿನ ಗುರುತೂ ಸವೆದು ಹೋಗಿದೆ. ಅದಕ್ಕೆ ಶ್ರಿಂಕ್ ಸ್ಕೇಲಿನ ತೂತಿಗೆ ಒಂದು ಕೆಂಪು ದಾರ ಕಟ್ಟಿಕೊಂಡಿದ್ದೆ.

ಪೆಟ್ಟಿಗೆಯಿಂದ ಎರಡೂ ಸ್ಕೇಲ್ ತೆಗೆದು ಅಡುಗೆ ಕಟ್ಟೆಯ ಮೇಲೆ ಸೊನ್ನೆಗೆ ಸೊನ್ನೆ ಕೂಡಿಸಿ ಇಟ್ಟೆ. ಮುನ್ನೂರರ ಗೆರೆ ಬಳಿ ಮೂರು ಮಿಲಿಮೀಟರ್ ಅಂತರ. ಅದು ಇರಬೇಕಾದದ್ದೇ. ಆದರೆ ಕೆಂಪು ದಾರ ಇದ್ದದ್ದು ಗಿಡ್ಡ ಸ್ಕೇಲಿಗೆ. ಅಂದರೆ ದಾರವಿಲ್ಲದ್ದೇ ಮಾಮೂಲಿ ಎಂದು ನಂಬಿ ತುಂಡುಗಳನ್ನೆಲ್ಲ ಶ್ರಿಂಕ್ ಸ್ಕೇಲಲ್ಲೇ ಅಳೆದಿದ್ದೆ, ಎಲ್ಲವೂ ಒಂದೇ ಸಮ ದೊಡ್ಡವಾದ್ದರಿಂದ ಬೆಂಚಿನ ಮೇಲೆ ಮಾತ್ರ ಸರಿಯಾಗಿ ಕೂತಿದ್ದವು.

"ದಸರಾದಲ್ಲಿ," ಎಂದಳು ಹೆಂಡತಿ ಮೆಲ್ಲಗೆ.

ಹೌದು. ಆಯುಧ ಪೂಜೆಗೆ ಇದೇ ಕಟ್ಟೆಯ ಮೇಲೆ ಪೆಟ್ಟಿಗೆಯ ಸಾಮಾನೆಲ್ಲ ಹರಡಿ, ಎಣ್ಣೆ ಹಿಡಿದ ಹಳೆಯ ದಾರ ಕತ್ತರಿಸಿ, ಸೋಪು ಹಾಕಿ ತೊಳೆದು, ಕುಂಕುಮ ಇಟ್ಟಿದ್ದೆ. ಆಮೇಲೆ ಹೊಸ ದಾರ ಕಟ್ಟಿದೆ, ಅಳೆದು ನೋಡದೆ. ಮೂವತ್ತು ವರ್ಷ ನನ್ನ ಕೈಯಲ್ಲಿದ್ದ ಸ್ಕೇಲು, ಕೈಗೆ ಗೊತ್ತಾಗುತ್ತದೆ ಎಂಬ ಜಂಬ.

"ನಾಳೆ ಬೆಳಿಗ್ಗೆ ಹೇಳ್ಬಿಡ್ರಿ," ಎಂದಳು.

"ನೀನು ಪರ್ಮನೆಂಟ್. ಹಂಗಾಗಿ ಸಲೀಸಾಗಿ ಹೇಳ್ತೀಯ. ಮುಂದಿನ ವಾರ ಶುಕ್ರವಾರ ನನ್ನ ಗಡುವು."

"ನಮ್ಮ ಲೈನಲ್ಲಿ ತಪ್ಪು ಮಾಡ್ದೋರಿಗೆ ಯಾರೂ ಏನೂ ಅನ್ನಲ್ಲ ರೀ. ಮುಚ್ಚಿಟ್ಟೋರ ಜೊತೆ ಯಾರೂ ಕೂತು ಕಾಫಿ ಕುಡಿಯಲ್ಲ."

"ಹರಿಹರದಲ್ಲಿ ಹೇಳ್ದೋನಿಗೇ ಬೀಳ್ತಿತ್ತು."

"ಇದು ಹರಿಹರ ಅಲ್ವಲ್ಲ. ಮತ್ತೆ ಆ ಮುದುಕಪ್ಪ ನಾಳೆನೂ ಮೇಜು ಮಗುಚಿ ಗಾಡಿ ಅಳೀತಾ ಕೂತ್ಕೋಬೇಕಾ?"

ಊಟ ಸೇರಲಿಲ್ಲ. ಕಾಗದ ತೆಗೆದುಕೊಂಡು ಲೆಕ್ಕ ಹಾಕುತ್ತ ಕೂತೆ. ಅಗಲಕ್ಕೆ ಆರು ತುಂಡು, ಒಟ್ಟು ಒಂಬತ್ತು ಮಿಲಿಮೀಟರ್. ಆರು ತುಂಡಿನ ನಡುವೆ ಐದು ಸಂದು, ಅಂದರೆ ಹತ್ತು ಒಳ ಅಂಚು. ಒಂದೇ ಅಂಚನ್ನು ಹೆರೆದರೆ ಕೆಡುತ್ತದೆ. ಆದರೆ ಎಲ್ಲ ತುಂಡುಗಳ ಎಲ್ಲ ಒಳ ಅಂಚುಗಳನ್ನೂ ಒಂದೇ ಸಮನೆ ಒಂದು ಮಿಲಿಮೀಟರ್‌ನಷ್ಟು ತೆಗೆದರೆ ಕೂರುತ್ತವೆ. ಆಗ ಒಂಬತ್ತರ ಬದಲು ಹತ್ತು ಹೋಗುವುದರಿಂದ ಊರಿಗೂ ಊರಿಗೂ ನಡುವೆ ಸಣ್ಣ ಗೆರೆ ಉಳಿಯುತ್ತದೆ. ನಕ್ಷೆಯಲ್ಲಿ ಗೆರೆ ಕೂಡದು ಎಂದಿದೆ. ಮತ್ತೆ ಆ ಕೆಲಸ ನನ್ನ ಹತ್ರಿಗೆ ಆಗುವಂಥದ್ದಲ್ಲ, ಬಡಗಿಯ ಮೇಜಿನ ರೂಟರೇ, ಅಂದರೆ ಗಿರಗಿರ ತಿರುಗಿ ಮರದ ಅಂಚು ಹೆರೆಯುವ ಮೆಷಿನ್ನೇ, ಬೇಕು. ಗುಟ್ಟಾಗಿ ಮಾಡಲು ದಾರಿಯೇ ಇಲ್ಲ ಎಂದು ಲೆಕ್ಕವೇ ಹೇಳಿತು. ಹೇಳಲು ನಿರ್ಧಾರ ಮಾಡಿದ್ದು ನನ್ನ ಧೈರ್ಯದಿಂದಲ್ಲ, ಅದನ್ನು ಒಪ್ಪಿಕೊಳ್ಳಬೇಕು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಇಬ್ಬರ ಮುಂದೆ ಎರಡೂ ಸ್ಕೇಲ್ ಇಟ್ಟೆ. ಸ್ವೀಡಿಷ್ ವಾಕ್ಯಗಳನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆ, ಅರ್ಧಕ್ಕೇ ಮರೆತು ಹೋಯಿತು. ಕೈಯಲ್ಲೇ ತೋರಿಸಿದೆ. ಥೀಬ್ಸನ್ನು ಕದ್ದು ಹೆರೆದದ್ದನ್ನೂ ಹೇಳಿದೆ.

ಬಡಗಿ ಸ್ಕೇಲುಗಳನ್ನು ಬೆಳಕಿಗೆ ಹಿಡಿದ.

"ಅಂದ್ರೆ ನನ್ನ ಮೆಷಿನ್ ಸರಿ ಇತ್ತು."

"ಸರಿ ಇತ್ತು."

"ಇನ್ನೊಂದ್ ಸಲ ಹೇಳು. ಇವಳಿಗೂ ಕೇಳಿಸ್ಲಿ."

"ನಿನ್ನ ಮೆಷಿನ್ ಸರಿ ಇತ್ತು. ನಿನ್ನ ಅರ್ಧ ದಿನ ಹಾಳು ಮಾಡ್ದೆ. ತಪ್ಪಾಯ್ತು."

ಅವನು ತಲೆಯಾಡಿಸಿದ. ಯಜಮಾನಿ ನಗಲಿಲ್ಲ. ನಾನು ಹಾಕಿದ ಲೆಕ್ಕದ ಕಾಗದವನ್ನೇ ನೋಡುತ್ತಿದ್ದಳು. ಆಮೇಲೆ ಮ್ಯೂಸಿಯಂನ ಇತಿಹಾಸದ ಮೇಡಂಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, "ನೀನೇ ಕೇಳು," ಎಂದು ನನ್ನ ಕಡೆ ತಳ್ಳಿದಳು.

"ಒಂದಾದ ಮೇಲೂ ಊರುಗಳ ನಡುವೆ ಗೆರೆ ಇದ್ದರೆ ತಪ್ಪಾಗ್ತದಾ?" ಎಂದು ಕೇಳಿದೆ.

ಆ ಕಡೆ ನಕ್ಷೆ ಮಗುಚುವ ಸದ್ದಾಯಿತು.

"ಗೆರೆ ಇಲ್ಲದಿದ್ರೇ ತಪ್ಪು," ಎಂದರು. "ಆ ನಕ್ಷೆ ಮಾಡಿದವರು ಚಂದ ಕಾಣ್ಲಿ ಅಂತ ಹಾಗೆ ಮಾಡಿದ್ರು, ನಾನು ಸುಮ್ನಿದ್ದೆ. ಅವು ಕರಗಿ ಒಂದೇ ದೇಶ ಆಗ್ಲಿಲ್ಲ. ಅವರವರ ಊರು, ಅವರವರ ಕಾನೂನು ಹಾಗೇ ಉಳೀತು. ಒಬ್ಬರ ಮೇಲೊಬ್ಬರು ಯುದ್ಧ ಮಾಡಲ್ಲ, ರಾಜ ಕರೆದಾಗ ಸೈನ್ಯ ಕಳಿಸ್ತೀವಿ ಅಂತ ಆಣೆ ಇಟ್ರು. ಅಷ್ಟೇ."

"ಥೀಬ್ಸಿಗೆ ಒಂದು ತೇಪೆ ಹಾಕಬೇಕು. ನಾನು ಕೆಡಿಸಿದೀನಿ. ಕಾಣ್ತದೆ."

"ಥೀಬ್ಸ್ ತಾನೆ? ಕಾಣ್ಲಿ ಬಿಡಿ. ಆ ರಾಜನ ಮಗ ಆಮೇಲೆ ಅದನ್ನ ನೆಲಸಮ ಮಾಡಿದ. ನೀವು ಮಾಡಿದ್ದು ಕಮ್ಮಿ."

ಬಡಗಿ ಮುಖ ಆಚೆ ತಿರುಗಿಸಿ ನಕ್ಕ. ಯಜಮಾನಿ ಫೋನಿಟ್ಟು, "ಎಷ್ಟು ಗಂಟೆ ಕೆಲಸ?" ಎಂದಳು. ಹದಿನಾರು ಎಂದೆ. "ನಿನ್ನ ವಿಷಯ ಸೋಮವಾರ ಆದ್ಮೇಲೆ ಮಾತಾಡೋಣ," ಎಂದು ಒಳಗೆ ಹೋದಳು. ಆ ಒಂದು ವಾಕ್ಯ ನನ್ನ ಬೆನ್ನ ಮೇಲೆ ಕೂತಿತು.

ರೂಟರಿಗೆ ಒಂದು ಅಡ್ಡಕಟ್ಟು ಬೇಕಿತ್ತು, ತುಂಡಿನ ಅಂಚನ್ನು ಅದಕ್ಕೆ ಆನಿಸಿ ಸರಿಸಿದರೆ ಎಲ್ಲ ಕಡೆಯೂ ಒಂದೇ ಸಮ ಹೆರೆಯುವಂತೆ. ಬಡಗಿಯೇ ಅದನ್ನು ಮಾಡಿದ. ಮೊದಲು ಹಾಳು ಮರದ ಮೇಲೆ ಆರು ಸಲ ನೋಡಿದೆವು. ತುಂಡು ಹಿಡಿಯುವವನು ನಾನು, ಮೆಷಿನ್ ನೋಡುವವನು ಅವನು. ಒಂದು ಕಡೆ ಕೈ ನಡುಗಿದರೂ ಆ ಊರು ಹೋಯಿತು. ಬೆಟ್ಟದ ಕಡೆ ಅಂಚು ದಪ್ಪ, ಅಲ್ಲಿ ನಿಧಾನ. ಕಡಲಿನ ಅಂಚು ಮುಟ್ಟುವ ಹಾಗಿಲ್ಲ, ಬಣ್ಣ ಆಗಿದೆ. ಸಂಜೆ ಹೊತ್ತಿಗೆ ಏಳು ಮುಗಿದವು.

"ನಾಳೆ ಶನಿವಾರ. ನೀನು ಬರಬೇಡ, ಕೀಲಿ ಕೊಡು, ನಾನೇ ಹೇಗೋ..." ಎಂದೆ.

"ಬರ್ತೀನಿ. ಆದ್ರೆ ಮುಂದಿನ ಶುಕ್ರವಾರ ನನಗೆ ರಜಾ. ಕೆರೆ ಮೇಲೆ ಐಸ್ ಕರಗೋದ್ರೊಳಗೆ ತೂತು ಕೊರೆದು ಮೀನು ಹಿಡೀಬೇಕು. ಒಪ್ಪಿಗೇನಾ?"

ಶನಿವಾರ ಉಳಿದ ಆರು ಮತ್ತು ಸ್ಪಾರ್ಟಾ. ಸ್ಪಾರ್ಟಾ ಯಾರಿಗೂ ತಾಗುವುದಿಲ್ಲ, ಅದನ್ನು ಯಾಕೆ ಹೆರೆಯಬೇಕು ಎಂದ ಬಡಗಿ. ನಾನು ಯೋಚಿಸಿ ಬಿಟ್ಟುಬಿಟ್ಟೆ. ಅದೊಂದು ತುಂಡು ಈಗಲೂ ನೂರಕ್ಕೆ ಒಂದು ದೊಡ್ಡದಾಗಿಯೇ ಇದೆ. ನೋಡಿದವರಿಗೆ ಗೊತ್ತಾಗುವುದಿಲ್ಲ, ನನಗೆ ಗೊತ್ತು.

ಸೋಮವಾರ ಮ್ಯೂಸಿಯಂನಲ್ಲಿ ಇಪ್ಪತ್ತು ಇಪ್ಪತ್ತೈದು ಮಕ್ಕಳು. ನಾನು ಗೋಡೆಗೆ ಒರಗಿ ನಿಂತಿದ್ದೆ. ಒಬ್ಬಳು ಹುಡುಗಿ ಚಕ್ರ ಹಿಡಿದಳು. ನಾವು ಪರೀಕ್ಷೆ ಮಾಡಿದ್ದಕ್ಕಿಂತ ಜೋರಾಗಿ ತಿರುಗಿಸಿದಳು. ಊರುಗಳು ಜಾರಿದವು, ಕೊರಿಂಥ್ ಒಂದು ಕ್ಷಣ ತಡೆದು ನಿಂತಿತು. ತೇಪೆ ಹಾಕಿದ ಥೀಬ್ಸ್ ಅದನ್ನು ಮೆಲ್ಲಗೆ ತಳ್ಳಿತು. ಟಕ್ ಎಂದಿತು ಚಿಲಕ.

ಮಕ್ಕಳು ಅದನ್ನು ಗಮನಿಸಲೇ ಇಲ್ಲ. ಎಲ್ಲರೂ ಸ್ಪಾರ್ಟಾದ ಮೇಲೆ ಬಿದ್ದಿದ್ದರು. ಇಬ್ಬರು ಕೈಯಿಂದ ನೂಕುತ್ತಿದ್ದರು, ಒಬ್ಬ ಮೇಜಿನ ಕೆಳಗೆ ತೂರಿ ಹುರಿ ಎಲ್ಲಿದೆ ಎಂದು ಹುಡುಕುತ್ತಿದ್ದ. "ಇದು ಕೆಟ್ಟಿದೆ" ಎಂದು ಕೂಗಿದ. ಇತಿಹಾಸದ ಮೇಡಂ, "ಕೆಟ್ಟಿಲ್ಲ. ಅದು ಬರಲ್ಲ ಅಂತು," ಎಂದರು. ಅಲ್ಲಿಂದ ಪಾಠ ಶುರುವಾಯಿತು.

ಮಂಗಳವಾರ ಯಜಮಾನಿ ಏನೂ ಹೇಳಲಿಲ್ಲ. ಬುಧವಾರ, ಗುರುವಾರವೂ ಇಲ್ಲ. ಟಪಾಲು ಬಂದಾಗಲೆಲ್ಲ ಅವಳ ಕೈ ನೋಡುತ್ತಿದ್ದೆ. ಶುಕ್ರವಾರ ಬಡಗಿ ಮೀನಿಗೆ ಹೋಗಿದ್ದ. ಇಡೀ ದಿನ ವರ್ಕ್‌ಶಾಪಿನಲ್ಲಿ ನಾವಿಬ್ಬರೇ. ಫೀಕಾಕ್ಕೆ ಎದುರು ಬದುರು ಕೂತು ಕಾಫಿ ಕುಡಿದೆವು, ಹವಾಮಾನದ ಮಾತಾಡಿದೆವು. ಮೂರೂವರೆಗೆ, ನಾನು ಕಸ ಗುಡಿಸುತ್ತಿದ್ದಾಗ, ಒಂದು ಕಾಗದ ಹಿಡಿದು ಬಂದಳು. ಪೊರಕೆ ನನ್ನ ಕೈಯಲ್ಲೇ ನಿಂತಿತು.

"ಕೂತ್ಕೋ. ಇದನ್ನ ಇವತ್ತೇ ಮುಗಿಸ್ಬೇಕು."

ಅದು ತಪ್ಪಿನ ವರದಿಯ ನಮೂನೆ. ಏನು ತಪ್ಪಾಯಿತು, ಹೇಗೆ ಸರಿಪಡಿಸಿದಿರಿ ಎಂಬುದನ್ನು ಅವಳೇ ತುಂಬಿದ್ದಳು. 'ಕಾರಣ' ಎಂಬ ಜಾಗ ಖಾಲಿ ಇತ್ತು.

"ಈ ದಾರದ ಕತೆ ನಂಗೆ ಬರೆಯೋಕೆ ಬರಲ್ಲ. ನೀನೇ ಬರಿ."

ಆಯುಧ ಪೂಜೆಯನ್ನು ಸ್ವೀಡಿಷ್‌ನಲ್ಲಿ ಎರಡು ಸಾಲಲ್ಲಿ ಬರೆಯುವುದು ಸುಲಭವಲ್ಲ. ವರ್ಷಕ್ಕೊಮ್ಮೆ ನಾವು ಉಪಕರಣಗಳಿಗೆ ಕೈ ಮುಗಿಯುತ್ತೇವೆ, ಆ ದಿನ ಗುರುತು ಬದಲಾಯಿತು, ಅಳೆದು ನೋಡಲಿಲ್ಲ ಎಂದು ಬರೆದೆ. ಅವಳು ಎರಡು ಸಲ ಓದಿದಳು.

"ಮುಂದಿನ ವರ್ಷ ಆ ಪೂಜೆ ಇಲ್ಲೇ ಮಾಡು. ನನ್ನ ಮೆಷಿನ್ನಿಗೂ ಸೇರಿಸಿ. ಆಮೇಲೆ ಎಲ್ಲ ಅಳೆದು ನೋಡು."

ಮುಂದಿನ ವರ್ಷ ಎಂದಳು. ನನಗೆ ಕೇಳಿಸಿತು, ಆದರೂ ನಂಬಲು ಭಯ.

"ಹಾಗಾದ್ರೆ... ಪತ್ರ?"

"ಯಾವ ಪತ್ರ?" ಅವಳು ಗೋಡೆಯ ಮೊಳೆಗಳ ಕಡೆ ನೋಡಿದಳು. ನನ್ನ ಚೀಟಿಯ ಮೂಲೆ ಎಂದಿನಂತೆ ಎದ್ದಿತ್ತು. ಅದನ್ನು ಕಿತ್ತು ಮುದುರಿ ಕಸದ ಬುಟ್ಟಿಗೆ ಹಾಕಿದಳು. "ಸೋಮವಾರ ನಿನ್ನ ಹೆಸರಿನ ಹಲಗೆ ಮಾಡ್ಕೋ. ನಮ್ಮದರಷ್ಟೇ ಉದ್ದ ಇರ್ಲಿ. ಮಾಮೂಲಿ ಸ್ಕೇಲಲ್ಲಿ."

ಮಾಡಿದೆ, ಮಾಮೂಲಿ ಸ್ಕೇಲಲ್ಲೇ. ಬಡಗಿ ಬಂದು ತನ್ನ ಟೇಪ್ ಹಿಡಿದು ಅಳೆದು ನೋಡಿ, ಸರಿ ಇದೆ ಎಂದ ಮೇಲೆಯೇ ಮೊಳೆ ಹೊಡೆದದ್ದು.

ನಿಮ್ಮಲ್ಲೂ ಯಾರಿಗಾದರೂ ಊರಲ್ಲಿ ಕೈಗಂಟಿದ ಅಭ್ಯಾಸ ಇನ್ನೊಂದು ಊರಲ್ಲಿ ಹೀಗೆ ತಿರುಗಿಬಿದ್ದಿದ್ದರೆ ದಯವಿಟ್ಟು ಬರೆಯಿರಿ, ನಿಧಾನವಾಗಿಯಾದರೂ ಎಲ್ಲವನ್ನೂ ಓದುತ್ತೇನೆ. ತಪ್ಪು ಏನೆಂದಷ್ಟೇ ಬರೆಯಬೇಡಿ. ಗೊತ್ತಾಗುವ ಮೊದಲು ನೀವು ಯಾರ ಮೇಲೆ ಬೆರಳು ತೋರಿಸಿದಿರಿ, ಅವರು ನಿಮಗೆ ಕಾಫಿ ತಂದರೇ, ಅದನ್ನೂ ಬರೆಯಿರಿ.